ಮೋರೇರ ಮನೆಯಲ್ಲಿ ಯಾರಿದ್ದರು?

ಪ್ರಶ್ನೆ: ಸರ್, ನಮ್ಮಜ್ಜಿಯ ತವರು ಗಂಗಾವತಿ ಕಡೆ. ಹಿರೇಬೆಣಕಲ್ ಗುಡ್ಡದ ಮೇಲಿನ ಪುಟ್ಟ ಕಲ್ಲುಮನೆಗಳಲ್ಲಿ ಮೋರೇರು ಅನ್ನೋ ಗಿಡ್ಡ ಜನ ಇದ್ದರು ಅಂತ ಹೇಳುತ್ತಿದ್ದರು. ಅಲ್ಲಿಗೆ ಹೋಗಿ ಬಂದ ನನ್ನ ತಮ್ಮ ಅದು ಸ್ಮಶಾನ ಅನ್ನುತ್ತಾನೆ. ಹಾಗಿದ್ದರೆ ಒಂದು ಎಲುಬೂ ಕಾಣಲಿಲ್ಲವಲ್ಲ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಅಜ್ಜಿಯ ಕಥೆ ನನಗೂ ಇಷ್ಟ. ಆದರೆ ಗೆದ್ದಿದ್ದು ನಿಮ್ಮ ತಮ್ಮ. ಅಲ್ಲಿನ ಕೆಲವು ಕಲ್ಲುಮನೆಗಳ ಚಪ್ಪಡಿಯಲ್ಲಿ ದುಂಡನೆಯ ಕಂಡಿ ಕೊರೆದಿದ್ದಾರೆ. ಎಷ್ಟೇ ಗಿಡ್ಡ ಇದ್ದರೂ ದಿನಾ ಅದರಲ್ಲಿ ನುಸುಳಿ ಸಂಸಾರ ಮಾಡೋಕಾಗುತ್ತಾ? ಅಲ್ಲದೆ ಎಲ್ಲವೂ ಪುಟ್ಟವಲ್ಲ, ಆಳೆತ್ತರ ಮೀರಿದವೂ ಇವೆ. ಎಲ್ಲ ಸೇರಿ ಸುಮಾರು 400. ಎರಡು ಸಾವಿರ ವರ್ಷಕ್ಕೂ ಹಿಂದೆ, ಕಬ್ಬಿಣ ಬಳಕೆಗೆ ಬಂದ ಕಾಲದ ಜನ ಸತ್ತವರಿಗಾಗಿ ಕಟ್ಟಿದ್ದು.

ಎಲುಬಿನ ಪ್ರಶ್ನೆ ಒಳ್ಳೆಯದು. ಇವು ನೆಲದ ಮೇಲೆ, ಬರೀ ಬಂಡೆಯ ಮೇಲೆ ನಿಂತಿವೆ. ಮಳೆ, ಗಾಳಿ, ಪ್ರಾಣಿ, ಜೊತೆಗೆ ನಿಧಿಗಳ್ಳರು! ಒಳಗೆ ಏನು ಉಳಿದೀತು? ಉತ್ತರ ಬೇಕಿದ್ದರೆ ನಿಮ್ಮ ಪಕ್ಕದ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಗೆ ಹೋಗಬೇಕು. ಅಲ್ಲಿ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆಸಿದಾಗ ಮಣ್ಣಿನಡಿ ಇಂಥದೇ ಕಂಡಿ ಇರುವ ಕಲ್ಲಿನ ಪೆಟ್ಟಿಗೆಗಳು ಸಿಕ್ಕವು. ಒಂದೊಂದರಲ್ಲಿ ಹಲವರ ಎಲುಬು, ಮಡಕೆ, ಕಬ್ಬಿಣದ ಸಾಮಾನು. ಇಡೀ ಅಸ್ಥಿಪಂಜರ ಮಾತ್ರ ಇಲ್ಲ. ಹೆಣವನ್ನು ಮೊದಲು ಬೇರೆಲ್ಲೋ ಬಿಟ್ಟು, ಆಮೇಲೆ ಉಳಿದ ಎಲುಬು ಆರಿಸಿ ತಂದು ಇಡುತ್ತಿದ್ದರು ಅಂತ ಇದರಿಂದ ತಿಳಿಯುತ್ತದೆ.

ಹಿರೇಬೆಣಕಲ್‌ಗೆ ಅಷ್ಟು ಭಾರದ ಚಪ್ಪಡಿ ಎಲ್ಲಿಂದ ಹೊತ್ತರು ಅಂತ ತುಂಬಾ ಜನ ಕೇಳುತ್ತಾರೆ. ಹೊರೋ ಕೆಲಸ ಕಡಿಮೆ, ಕಲ್ಲು ಅಲ್ಲೇ ಗುಡ್ಡದಲ್ಲೇ ಇತ್ತು. ಆ ಬಂಡೆ ಪದರ ಪದರವಾಗಿ ಏಳುವಂಥದ್ದು. ಕಲ್ಲು ಎಬ್ಬಿಸಿದ ತಗ್ಗಿನಲ್ಲಿ ಈಗ ನೀರು ನಿಂತು ಕೆರೆಯಾಗಿದೆ. ಸುಮ್ನೆ ಫೋಟೊ ತೆಗೆದು ಬರುವವರು ಇದನ್ನು ಗಮನಿಸೋದೇ ಇಲ್ಲ.

ಸುರಪುರದಲ್ಲಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ 19ನೇ ಶತಮಾನದಲ್ಲೇ ಈ ಜಾಗದ ಬಗ್ಗೆ ಬರೆದಿದ್ದಾನೆ. 2021ರಲ್ಲಿ ಇದು ಯುನೆಸ್ಕೊದ ವಿಶ್ವ ಪರಂಪರೆ ತಾಣಗಳ ತಾತ್ಕಾಲಿಕ ಪಟ್ಟಿಗೂ ಸೇರಿತು. ಆದರೂ ಹಂಪಿಗೆ ಬರುವವರಲ್ಲಿ ಇತ್ತ ತಿರುಗುವವರು ಕಡಿಮೆ, ಹತ್ತಿರವೇ ಇದ್ದರೂ!

ನೀವು ಹೋಗುವುದಾದರೆ ಬೆಳಗ್ಗೆ ಬೇಗ ಹೊರಡಿ. ಊರಿನಿಂದ ಮೇಲಕ್ಕೆ ನಡೆದೇ ಹತ್ತಬೇಕು, ನೀರು ಜಾಸ್ತಿ ಒಯ್ಯಿರಿ. ಎತ್ತರದ ಬಂಡೆಯ ಮೇಲೆ ಅರ್ಧ ಗುಂಡಗಿನ ದೊಡ್ಡ ಕಲ್ಲೊಂದಿದೆ, ಬಡಿದರೆ ನಗಾರಿಯ ಸದ್ದು. ಅದನ್ನು ಬಡಿಯಬೇಡಿ ಅಂತ ತಮ್ಮನಿಗೂ ಹೇಳಿ. ಈಗಾಗಲೇ ಬಡಿದು ಬಂದಿರುತ್ತಾನೆ, ಬಿಡಿ.