ಅಜ್ಜಿ ಬೇರೆ ಮಾಡಿಟ್ಟ ಬಟ್ಟಲು

(ಗುರುತು ಹತ್ತಬಾರದೆಂದು ವಯಸ್ಸು, ಊರು, ಮನೆಯ ವಿವರಗಳನ್ನು ಬದಲಿಸಿದ್ದೇನೆ. ಮಾತುಕತೆ ಹೆಚ್ಚಾಗಿ ತುಳುವಿನಲ್ಲಿ ನಡೆದದ್ದು, ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ.)

ಜೂನ್ ಎರಡನೇ ವಾರ. ಯಾಂತ್ರಿಕ ದೋಣಿಗಳು ಜುಲೈ 31ರವರೆಗೆ ಕಡಲಿಗಿಳಿಯುವಂತಿಲ್ಲ, ಹಾಗಾಗಿ ತಾಯಿ, ಮಗನ ಜೊತೆ ಮಗುವಿನ ಅಪ್ಪನೂ ಆಸ್ಪತ್ರೆಗೆ ಬಂದಿದ್ದರು. ಅಲ್ಲಿ ರೋಗಿಗಳ ಮನೆಯವರೊಂದಿಗೆ ಮಾತಾಡುವ ಆಪ್ತಸಲಹೆಗಾರ್ತಿ ನಾನು. ಮಲ್ಪೆ ಕಡೆಯ ಮನೆ. ತಾಯಿ ಬೀಡಿ ಕಟ್ಟುತ್ತಾರೆ. ಮಗನಿಗೆ ಒಂಬತ್ತು ವರ್ಷ, ಪುಟ್ಟ ಎಂದು ಕರೆಯೋಣ. ಅವನಿಗೊಬ್ಬಳು ತಂಗಿ.

ಎರಡು ವರ್ಷದ ಹಿಂದೆ ಪುಟ್ಟನಿಗೆ ಬೆಳಿಗ್ಗೆ ಎದ್ದ ಕೂಡಲೇ ವಾಂತಿ, ತಲೆನೋವು. ಗ್ಯಾಸು ಅಂದರು, ಜಂತುಹುಳದ ಮದ್ದು ಕೊಟ್ಟರು, ಕನ್ನಡಕವೂ ಆಯಿತು. ನಡೆಯುವಾಗ ಓಲಾಡತೊಡಗಿದ ಮೇಲೆ ಸ್ಕ್ಯಾನ್ ಮಾಡಿದಾಗ ತಲೆಯ ಹಿಂಭಾಗದ ಕಿರುಮಿದುಳಿನಲ್ಲಿ ಗಡ್ಡೆ ಕಂಡಿತು. ಮೆಡುಲೋಬ್ಲಾಸ್ಟೋಮಾ. ಮಕ್ಕಳ ಮಿದುಳಿನಲ್ಲಿ ಬರುವ ಕ್ಯಾನ್ಸರ್ ಗಡ್ಡೆಗಳಲ್ಲಿ ಹೆಚ್ಚು ಕಾಣುವುದು ಇದೇ. ಆಪರೇಶನ್, ಆರು ವಾರ ತಲೆಗೂ ಬೆನ್ನುಹುರಿಗೂ ಕರೆಂಟ್ (ವಿಕಿರಣ ಚಿಕಿತ್ಸೆ), ಆಮೇಲೆ ತಿಂಗಳುಗಟ್ಟಲೆ ಕೀಮೋ. ಎಲ್ಲ ಮುಗಿದು ಶಾಲೆಗೂ ಹೋಗತೊಡಗಿದ್ದ. ಈಗಿನ ಎಂ.ಆರ್.ಐ.ಯಲ್ಲಿ ಬೆನ್ನುಹುರಿಯ ಉದ್ದಕ್ಕೆ ಎರಡು ಚುಕ್ಕೆ.

ಡಾಕ್ಟರು ಅವರನ್ನು ನನ್ನ ಹತ್ತಿರ ಕಳಿಸಿದ್ದು ಗಡ್ಡೆ ಮರಳಿತೆಂದಲ್ಲ. ತಾಯಿ, "ಇನ್ನು ಈ ಮದ್ದು ಬೇಡ, ಬೇರೆ ಕಡೆ ಹೋಗ್ತೇವೆ" ಎಂದು ಫೈಲು ಕೇಳಿದ್ದರು.

ಕಾರಣ ಮೊಬೈಲಿನಲ್ಲಿತ್ತು. ದುಬೈಯಲ್ಲಿರುವ ತಾಯಿಯ ತಮ್ಮ ವಾಟ್ಸಾಪಿನಲ್ಲಿ ಎರಡು ವಿಷಯ ಕಳಿಸಿದ್ದ. ಒಂದು, ಮಕ್ಕಳ ಮಿದುಳುಗಡ್ಡೆಗಳು ಎಕ್ಸ್‌ಟ್ರಾಸೆಲ್ಯುಲಾರ್ ವೆಸಿಕಲ್ ಎಂಬ ಸಣ್ಣ ಕಣಗಳನ್ನು ಹೊರಬಿಟ್ಟು ಮದ್ದಿಗೆ ಬಗ್ಗದಂತಾಗುತ್ತವೆ ಎಂಬ ಲೇಖನ. ಇನ್ನೊಂದು, ದೂರದ ಊರಿನ ಕ್ಲಿನಿಕ್ಕೊಂದರ ಜಾಹೀರಾತು: ಅಂಥದ್ದೇ ಕಣಗಳ ಎಕ್ಸೋಸೋಮ್ ಡ್ರಿಪ್, ಮೂರೂವರೆ ಲಕ್ಷ. ತಾಯಿ ಆಗಲೇ ಬಳೆ ಅಡವಿಡುವ ಲೆಕ್ಕ ಹಾಕಿದ್ದರು.

"ಮೇಡಂ, ಲೇಖನ ಸುಳ್ಳಾ?"

ಸುಳ್ಳಲ್ಲ. ಅದೇ ತೊಡಕು. ಪೂರ್ತಿ ಸುಳ್ಳಾಗಿದ್ದರೆ ನನ್ನ ಕೆಲಸ ಸುಲಭವಿತ್ತು.

ನಾನು ವೈದ್ಯೆಯಲ್ಲ. ಗಡ್ಡೆಯ ಡಾಕ್ಟರನ್ನು ಅರ್ಧ ಗಂಟೆ ಕೂರಿಸಿಕೊಂಡು, ಅವರು ಹೇಳಿದ್ದನ್ನು ಮನೆಮಾತಿಗೆ ಇಳಿಸುತ್ತಾ ಹೋದೆ. ನಮ್ಮ ಮೈಯ ಹೆಚ್ಚುಕಡಿಮೆ ಎಲ್ಲ ಜೀವಕೋಶಗಳೂ ಸಣ್ಣ ಪೊಟ್ಟಣಗಳನ್ನು, ಅಂದರೆ ಲೇಖನದ ಆ ಕಣಗಳನ್ನು, ಹೊರಬಿಡುತ್ತವೆ. ಎಕ್ಸೋಸೋಮ್ ಎಂಬ ಚಿಕ್ಕ ಜಾತಿಯದ್ದು 30ರಿಂದ 150 ನ್ಯಾನೋಮೀಟರ್. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ನ್ಯಾನೋಮೀಟರ್. ಒಳಗೆ ಪ್ರೋಟೀನು, ಕೊಬ್ಬು, ಆರ್.ಎನ್.ಎ. ತುಣುಕು. 1980ರ ದಶಕದಲ್ಲಿ ಇವನ್ನು ಮೊದಲು ಕಂಡಾಗ ಕೋಶದ ಕಸ ಎಂದುಕೊಂಡವರೇ ಜಾಸ್ತಿ. 2007ರಲ್ಲಿ ಇವುಗಳೊಳಗಿನ ಆರ್.ಎನ್.ಎ. ಒಂದು ಕೋಶದಿಂದ ಇನ್ನೊಂದಕ್ಕೆ ಹೋಗಿ ಕೆಲಸ ಮಾಡುತ್ತದೆಂದು ಗೊತ್ತಾಯಿತು. ಮರುವರ್ಷ, ದೊಡ್ಡವರಿಗೆ ಬರುವ ಗ್ಲಿಯೋಬ್ಲಾಸ್ಟೋಮಾ ಗಡ್ಡೆಯ ಗುರುತು ಹೊತ್ತ ಪೊಟ್ಟಣಗಳು ರೋಗಿಗಳ ರಕ್ತದಲ್ಲೇ ಸಿಕ್ಕವು.

ಅಷ್ಟು ಹೊತ್ತು ನೆಲ ನೋಡುತ್ತಿದ್ದ ಅಪ್ಪ ತಲೆಯೆತ್ತಿದರು. "ಅದು ಮದ್ದನ್ನು ಎಂತ ಮಾಡ್ತದೆ?"

"ದೋಣಿಗೆ ನೀರು ನುಗ್ಗಿದರೆ ನೀವು ಎಂತ ಮಾಡ್ತೀರಿ?"

"ಮೊಗೆದು ಹೊರಗೆ ಚೆಲ್ಲುವುದು."

ಹಾಗೆಯೇ, ಮದ್ದಿಗೆ ಜಗ್ಗದ ಕೆಲವು ಕ್ಯಾನ್ಸರ್ ಕೋಶಗಳು ಸಿಸ್‌ಪ್ಲಾಟಿನ್‌ನಂಥ ಮದ್ದನ್ನೇ ಪೊಟ್ಟಣಕ್ಕೆ ತುಂಬಿ ಹೊರಹಾಕುವುದನ್ನು ಪ್ರಯೋಗಾಲಯದಲ್ಲಿ ನೋಡಿದ್ದಾರೆ. ಪುಟ್ಟನಿಗೂ ಅದೇ ಮದ್ದು ಕೊಟ್ಟಿದ್ದರು. ಮೊಗೆಯುವ ವಿದ್ಯೆಯನ್ನು ಪಕ್ಕದ ಕೋಶಕ್ಕೆ ದಾಟಿಸುವ ಪೊಟ್ಟಣಗಳೂ ಇವೆ. ಆದರೆ ಪುಟ್ಟನ ಗಡ್ಡೆ ಮರಳಿದ್ದು ಇದರಿಂದಲೇ ಎಂದು ಯಾರೂ ಹೇಳಲಾರರು. ರಕ್ತದಿಂದ ಮಿದುಳಿಗೆ ಮದ್ದು ಇಳಿಯದಂತೆ ಮೈಯೇ ಕಟ್ಟಿಕೊಂಡ ತಡೆ ಒಂದು ಕಡೆ, ಮಲಗಿದಂತಿದ್ದು ಕೀಮೋ ಮುಗಿದ ಮೇಲೆ ಏಳುವ ಕೋಶಗಳು ಇನ್ನೊಂದು ಕಡೆ, ಗಡ್ಡೆಯ ಹುಟ್ಟುಗುಣ ಮತ್ತೊಂದು. ಮಕ್ಕಳ ಗಡ್ಡೆಗಳಲ್ಲಿ ಈ ಪೊಟ್ಟಣಗಳ ಅಧ್ಯಯನ ಈಗಷ್ಟೇ ಕಣ್ಣು ಬಿಡುತ್ತಿದೆ.

ಚೆನ್ನಾಗಿ ಹೇಳಿದೆ ಎಂಬ ಬಿಗುಮಾನದಲ್ಲೇ ಆ ದಿನ ಮನೆಗೆ ಹೋದೆ.

ಮುಂದಿನ ವಾರ ಪುಟ್ಟನೂ ಬಂದಿದ್ದ. ಮನೆಯಲ್ಲಿ ಎಲ್ಲಿ ಕೂತು ಊಟ ಮಾಡ್ತೀ ಎಂದು ಮಾತಿಗೆ ಕೇಳಿದೆ. "ಚಾವಡಿಯಲ್ಲಿ. ಒಬ್ನೇ. ನಂದು ಪೊಟ್ಟಣ ತಂಗಿಗೆ ಹೋಗ್ತದಂತೆ."

ತಾಯಿ ಮನೆಗೆ ಹೋಗಿ ನನ್ನ ಮಾತನ್ನೇ ಅಜ್ಜಿಗೆ ಒಪ್ಪಿಸಿದ್ದರು. ರಕ್ತದಲ್ಲಿ ಓಡಾಡುವುದು ಎಂಜಲಿನಲ್ಲಿ ಇರದೇ ಇರುತ್ತದೆಯೇ ಎಂದು ಅಜ್ಜಿ ಬಟ್ಟಲು, ಲೋಟ, ಚಾಪೆ ಎಲ್ಲ ಬೇರೆ ಮಾಡಿದ್ದರು. ತಂಗಿ ಅಣ್ಣನ ಹಾಸಿಗೆ ಹತ್ತುವಂತಿಲ್ಲ. ತಪ್ಪು ಅಜ್ಜಿಯದ್ದಲ್ಲ, ನನ್ನದು. ಪೊಟ್ಟಣ ಎಂದವಳು ಅದು ಎಲ್ಲಿಯವರೆಗೆ ಹೋಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಹೇಳಿರಲಿಲ್ಲ.

ಅಜ್ಜಿಯನ್ನು ಕರೆಸಿದೆ. ಅವರ ತರ್ಕದಲ್ಲಿ ಅರ್ಧ ನಿಜವಿತ್ತು, ಅದನ್ನು ಮೊದಲು ಒಪ್ಪಿಕೊಂಡೆ. "ಅಮ್ಮಾ, ಎಂಜಲಿನಲ್ಲಿ ಈ ಕಣ ಇರುವುದು ಹೌದು. ನಿಮ್ಮ ಎಂಜಲಿನಲ್ಲೂ ಉಂಟು, ನನ್ನದರಲ್ಲೂ ಉಂಟು. ಎದೆಹಾಲಿನಲ್ಲೂ ಉಂಟು. ನೀವು ಮಕ್ಕಳಿಗೆ ಹಾಲು ಕುಡಿಸಿದ್ದೀರಲ್ಲ?" ಕ್ಯಾನ್ಸರ್ ಬಟ್ಟಲಿನಿಂದ, ಅಪ್ಪುಗೆಯಿಂದ, ಒಂದೇ ಚಾಪೆಯಲ್ಲಿ ಮಲಗಿದ್ದರಿಂದ ಅಂಟುವುದಿಲ್ಲ. ಕೀಮೋ ಶುರುವಾಗಿ ಕೌಂಟ್ (ರಕ್ತದ ಬಿಳಿಕಣಗಳ ಸಂಖ್ಯೆ) ಇಳಿದಾಗ ನಮ್ಮ ಶೀತ, ಜ್ವರ ಅವನಿಗೆ ತಾಗದಂತೆ ನೋಡಿಕೊಳ್ಳಬೇಕು. ಆ ದಿನಗಳಲ್ಲಿ ಎಚ್ಚರ ಬೇಕಾದದ್ದು ನಮ್ಮಿಂದ ಅವನಿಗೆ. ಅಜ್ಜಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಮಗು ಒಬ್ಬನೇ ಉಣ್ಣುವಾಗ ನನಗೂ ಗಂಜಿ ಇಳಿಯುತ್ತಿರಲಿಲ್ಲ" ಎಂದರು.

ಮೂರನೇ ಭೇಟಿಗೆ ತಾಯಿಯೊಬ್ಬರನ್ನೇ ಕರೆದೆ. ಹಣ, ಡ್ರಿಪ್, ತಮ್ಮ ಎಲ್ಲದರ ಅಡಿಯಲ್ಲಿ ಬೇರೆಯೇ ಒಂದು ಇದೆ ಎಂದು ಮೊದಲ ದಿನದಿಂದ ಅನಿಸಿತ್ತು. ಕೊನೆಗೂ ಬಂತು. ಕೀಮೋ ನಡೆಯುತ್ತಿದ್ದಾಗ ಕುಟುಂಬದ ಮನೆಯಲ್ಲಿ ದೈವದ ಕೋಲ ಇತ್ತು, ಹರಕೆ ಎಂದು ಮಗನನ್ನು ರಾತ್ರಿಯಿಡೀ ಅಲ್ಲಿ ಕೂರಿಸಿದ್ದರು. ಮರುದಿನ ಜ್ವರ. ಕೀಮೋ ಹತ್ತು ದಿನ ಮುಂದೆ ಹೋಯಿತು. "ಆ ಹತ್ತು ದಿನದಲ್ಲೇ ಗಡ್ಡೆ ಮೊಗೆಯುವುದನ್ನು ಕಲಿತುಕೊಂಡದ್ದು ಮೇಡಂ. ನಾನೇ ಕಲಿಸಿದ್ದು."

ಅವರೆದುರೇ ಹಳೇ ಫೈಲು ತೆರೆದೆ. ಕೌಂಟ್ ಬಿದ್ದಿದ್ದು ಕೋಲಕ್ಕೆ ಎರಡು ದಿನ ಮೊದಲಿನ ರಕ್ತಪರೀಕ್ಷೆಯಲ್ಲಿ. ಕೀಮೋ ಮುಂದೂಡಲು ಡಾಕ್ಟರು ಬರೆದದ್ದೂ ಅದೇ ದಿನ. ಜ್ವರ ಬಾರದಿದ್ದರೂ ಆ ವಾರ ಮದ್ದು ಇರಲಿಲ್ಲ. ತಾಯಿ ಆ ಹಾಳೆಯ ತಾರೀಕನ್ನು ಬೆರಳಿಟ್ಟು ಮೂರು ಸಲ ಓದಿದರು. ಹಾಗೆಂದು ಕೌಂಟ್ ಇಳಿದ ಮಗುವನ್ನು ಜನಜಂಗುಳಿಗೆ ಒಯ್ಯಬಹುದೆಂದಲ್ಲ, ಅದನ್ನೂ ಹೇಳಿದೆ. ಆದರೆ ಅವರ ಎದೆಯ ಮೇಲೆ ಕೂತಿದ್ದ ಲೆಕ್ಕ ತಪ್ಪು. ನನ್ನ ಅನುಭವದಲ್ಲಿ "ಮದ್ದು ಯಾಕೆ ಹಿಡಿಯಲಿಲ್ಲ" ಎಂದು ಕೇಳುವ ತಾಯಂದಿರಲ್ಲಿ ಹೆಚ್ಚಿನವರು ಕೇಳುತ್ತಿರುವುದು "ನಾನು ಎಲ್ಲಿ ತಪ್ಪಿದೆ" ಎಂದೇ.

ಡ್ರಿಪ್ಪಿನ ಬಗ್ಗೆ ಕೊಟ್ಟ ಸಲಹೆ ನೇರವಾದದ್ದು. ಮಿದುಳುಗಡ್ಡೆಗೆ ಅನುಮೋದನೆ ಪಡೆದ ಎಕ್ಸೋಸೋಮ್ ಚಿಕಿತ್ಸೆ ಯಾವುದೂ ಇಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್.ಡಿ.ಎ. 2019ರ ಡಿಸೆಂಬರಿನಲ್ಲೇ ಇಂಥ ಮಾರಾಟದ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. ಮದ್ದು ತುಂಬಿದ ಪೊಟ್ಟಣಗಳನ್ನು ಮಿದುಳಿಗೆ ಕಳಿಸುವ ಸಂಶೋಧನೆ ನಡೆಯುತ್ತಿರುವುದು ನಿಜ, ಜಾಹೀರಾತು ಬದುಕುವುದೇ ಆ ನಿಜದ ನೆರಳಿನಲ್ಲಿ. ತಮ್ಮನಿಗೆ ಫೋನಿನಲ್ಲಿ ಇಷ್ಟೇ ಹೇಳಿದೆ: ಇದು ಪ್ರಯೋಗವಾದರೆ ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿಯ ಸಂಖ್ಯೆ ಕೇಳಿ, ಮಗುವಿನ ಪೆಥಾಲಜಿ (ಗಡ್ಡೆಯ ತುಣುಕಿನ ಪರೀಕ್ಷೆ) ವರದಿ ನೋಡದೆ ಹೇಗೆ ದರ ಹೇಳಿದಿರಿ ಎಂದೂ ಕೇಳಿ. ಕ್ಲಿನಿಕ್ಕಿನವರು ಸಂಖ್ಯೆ ಕೊಡಲಿಲ್ಲ, ಬದಲಿಗೆ ಐವತ್ತು ಸಾವಿರ ಇಳಿಸಿದರಂತೆ. ಅವನಿಗೆ ಅಷ್ಟು ಸಾಕಾಯಿತು. ಏನಾದರೂ ಮಾಡಲೇಬೇಕೆಂದು ಹಂಬಲಿಸುತ್ತಿದ್ದ ಹುಡುಗ, ಅವನ ಮೇಲೆ ನನಗೆ ಸಿಟ್ಟಿರಲಿಲ್ಲ. ಮಣಿಪಾಲಕ್ಕೆ ಓಡಾಡುವ ಖರ್ಚು, ಕೋಣೆ ಬಾಡಿಗೆ ನೀವು ನೋಡಿಕೊಂಡರೆ ಅದೇ ದೊಡ್ಡದು ಎಂದೆ, ಒಪ್ಪಿಕೊಂಡ.

ನಾಗನಿಗೆ ತಂಬಿಲದ ಪೂಜೆ ಆಗಬೇಕೆಂದು ಜೋಯಿಸರು ಹೇಳಿದ್ದರು. ಮಾಡಿಸಿ, ಸ್ಕ್ಯಾನಿನ ದಿನ ತಪ್ಪದಿದ್ದರೆ ಸಾಕು ಎಂದೆ. ನೋವು, ವಾಂತಿ, ನಿದ್ದೆ ನೋಡಿಕೊಳ್ಳುವ ಉಪಶಮನ ತಂಡವನ್ನು ಈಗಲೇ ಪರಿಚಯಿಸಿದೆ. ಡಾಕ್ಟರು ಕೈಬಿಟ್ಟ ಮೇಲೆ ಬರುವವರು ಅವರೆಂಬ ಭಯ ಈ ಕಡೆ ಇನ್ನೂ ಹೋಗಿಲ್ಲ, ಹಾಗಾಗಿ ಅಪ್ಪನಿಗೆ ಎರಡು ಸಲ ವಿವರಿಸಬೇಕಾಯಿತು. ಮರಳಿ ಬಂದ ಗಡ್ಡೆ ಮೊದಲಿನದ್ದಕ್ಕಿಂತ ಹಟದ್ದೆಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಅದನ್ನು ನಾನು ಸಿಹಿ ಮಾಡಲು ಹೋಗಲಿಲ್ಲ.

ಪುಟ್ಟನಿಗೆ ಏನು ಹೇಳುವುದೆಂದು ಕೇಳಿದರು. ಅವನು ಕೇಳಿದಷ್ಟಕ್ಕೆ ನಿಜ ಹೇಳಿ ಎಂದೆ. ಗಡ್ಡೆ ಪುನಃ ಬಂದದ್ದು ಅವನಿಗೆ ಗೊತ್ತಿತ್ತು, ಸ್ಕ್ಯಾನ್ ಕೋಣೆಯ ಹೊರಗೆ ಅಮ್ಮ ಸೆರಗಿನಲ್ಲಿ ಮುಖ ಒರೆಸಿದ್ದನ್ನು ನೋಡಿದ್ದ. ಅವನ ಚಿಂತೆ ಬೇರೆ: "ಕೂದಲು ಪುನಃ ಹೋಗ್ತದಾ? ತಂಗಿ ನನ್ನ ಹತ್ರ ಮಲಗಬಹುದಾ?" ಮೊದಲನೆಯದಕ್ಕೆ ಹೋಗಬಹುದು ಎಂದೆ. ಎರಡನೆಯದಕ್ಕೆ ಅಜ್ಜಿಯೇ ಉತ್ತರಿಸಿದರು.

ಎರಡನೇ ಸುತ್ತಿನ ಕೀಮೋ ಶುರುವಾಗಿದೆ. ಮುಂದಿನ ಭೇಟಿ ಆಗಸ್ಟಿನಲ್ಲಿ. ದೋಣಿ ಇಳಿದ ಮೇಲೆ ಅಪ್ಪನಿಗೆ ಬರಲಾಗುವುದಿಲ್ಲ, ಅಜ್ಜಿ ಬರುತ್ತೇನೆ ಎಂದಿದ್ದಾರೆ.