ಇಂಡಿಕೇಟರ್ ಬಡಬಡ ಹೊಡೆದುಕೊಳ್ಳುತ್ತಿದೆಯೇ? ಮೊದಲು ಅರ್ಥಿಂಗ್ ನೋಡಿ

ಪ್ರಶ್ನೆ: ನನ್ನದು ಹಳೆಯ ಹ್ಯಾಚ್‌ಬ್ಯಾಕ್ ಕಾರು. ಮಳೆ ಹಿಡಿದಾಗಿನಿಂದ ಎಡಗಡೆ ಇಂಡಿಕೇಟರ್ ಹಾಕಿದರೆ ಬಡಬಡ ಹೊಡೆದುಕೊಳ್ಳುತ್ತದೆ. ಬಲಗಡೆ ಸರಿಯಾಗಿದೆ. ಗ್ಯಾರೇಜಿನಲ್ಲಿ ಇಂಡಿಕೇಟರನ್ನು ಮಿನುಗಿಸುವ ಫ್ಲಾಷರ್ ರಿಲೇ ಬದಲಿಸಿದರು, ಹಿಂದಿನ ಬಲ್ಬೂ ಹೊಸದು ಹಾಕಿದರು. ಸ್ವಲ್ಪ ದಿನ ಸುಮ್ಮನಿತ್ತು, ಈಗ ಮತ್ತೆ ಅದೇ ಕತೆ. ಇನ್ನೊಂದು ವಿಚಿತ್ರ ಏನೆಂದರೆ, ರಾತ್ರಿ ಹೊತ್ತು ಬ್ರೇಕ್ ಒತ್ತಿದರೆ ಮೀಟರಿನಲ್ಲಿರುವ ಎಡ ಬಾಣ ಮಂಕಾಗಿ ಹೊತ್ತಿಕೊಳ್ಳುತ್ತದೆ. ಇನ್ನು ಸ್ಟೀರಿಂಗ್ ಪಕ್ಕದ ಲಿವರ್ ಇರುವ ಕಾಂಬಿನೇಷನ್ ಸ್ವಿಚ್ಚನ್ನೇ ಬದಲಿಸಬೇಕು ಅನ್ನುತ್ತಿದ್ದಾರೆ. ಬದಲಿಸಲೇ?
– ತೀರ್ಥಹಳ್ಳಿಯ ಓದುಗರು

ಉತ್ತರ: ಸದ್ಯಕ್ಕೆ ಬೇಡ. ನೀವು ‘ವಿಚಿತ್ರ’ ಅಂದಿದ್ದೀರಲ್ಲ, ಬ್ರೇಕ್ ಒತ್ತಿದರೆ ಬಾಣ ಹೊತ್ತುತ್ತದೆ ಅಂತ, ಕಾಯಿಲೆ ಎಲ್ಲಿದೆ ಎಂದು ಹೇಳುತ್ತಿರುವುದೇ ಅದು. ಎಡಗಡೆ ಹಿಂದಿನ ಲ್ಯಾಂಪಿಗೆ ಅರ್ಥಿಂಗ್, ಅಂದರೆ ಕರೆಂಟು ಕಾರಿನ ಬಾಡಿ ಮೂಲಕ ಬ್ಯಾಟರಿಗೆ ವಾಪಸ್ ಹೋಗುವ ದಾರಿ, ಸರಿಯಾಗಿ ಸಿಗುತ್ತಿಲ್ಲ.

ರಿಲೇ ಪಾಪ, ಅದರ ಕೆಲಸವನ್ನೇ ಅದು ಮಾಡುತ್ತಿದೆ. ಇಂಡಿಕೇಟರ್ ನಿಮಿಷಕ್ಕೆ 60ರಿಂದ 120 ಸಲ ಮಿನುಗಬೇಕು. ನಿಮ್ಮಂಥ ಕಾರಿನಲ್ಲಿ ಒಂದು ಕಡೆಗೆ ಮುಂದೊಂದು ಹಿಂದೊಂದು 21 ವ್ಯಾಟಿನ ಬಲ್ಬು, ಜೊತೆಗೆ ಪಕ್ಕದಲ್ಲಿ 5 ವ್ಯಾಟಿನ ಪುಟ್ಟದೊಂದು ಇರುತ್ತದೆ. ಒಟ್ಟು 47 ವ್ಯಾಟ್, ಅಂದರೆ ಹೆಚ್ಚುಕಡಿಮೆ 4 ಆಂಪಿಯರ್ ಕರೆಂಟು. ದೊಡ್ಡ ಬಲ್ಬುಗಳಲ್ಲಿ ಒಂದು ಹೋದರೆ ಕರೆಂಟು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಎಲೆಕ್ಟ್ರಾನಿಕ್ ರಿಲೇ ಅದನ್ನು ಗುರುತಿಸಿ ವೇಗ ಹೆಚ್ಚಿಸುತ್ತದೆ. ಬಲ್ಬ್ ಹೋಗಿದೆ ಎಂದು ಚಾಲಕನಿಗೆ ತಿಳಿಯಲಿ ಎಂದೇ ಹಾಗೆ ಮಾಡಿರುವುದು. (ಅಂಬಾಸಿಡರ್ ಕಾಲದ, ಬಿಸಿಯಾಗಿ ಬಾಗುವ ಪಟ್ಟಿಯಿದ್ದ ಫ್ಲಾಷರ್ ಇದಕ್ಕೆ ತದ್ವಿರುದ್ಧ. ಬಲ್ಬ್ ಹೋದರೆ ನಿಧಾನವಾಗುತ್ತಿತ್ತು, ಇಲ್ಲವೇ ಮಿನುಗದೆ ಹೊತ್ತಿಕೊಂಡೇ ಇರುತ್ತಿತ್ತು. ಹಳೆಯ ಮೆಕ್ಯಾನಿಕ್‌ಗಳು ಇವತ್ತಿಗೂ ಮೊದಲು ರಿಲೇಗೇ ಕೈ ಹಾಕುವುದಕ್ಕೆ ಅದೂ ಒಂದು ಕಾರಣ ಇರಬಹುದು.) ಬಲ್ಬ್ ಚೆನ್ನಾಗಿದ್ದೂ ಕರೆಂಟು ಕಡಿಮೆ ಹರಿದರೆ ರಿಲೇಗೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಈಗ ಬ್ರೇಕಿನ ವಿಷಯಕ್ಕೆ ಬರೋಣ. ಹಿಂದಿನ ಲ್ಯಾಂಪಿನೊಳಗೆ ಬ್ರೇಕ್, ಪಾರ್ಕಿಂಗ್, ಇಂಡಿಕೇಟರ್ ಬಲ್ಬುಗಳಿಗೆಲ್ಲ ಸಾಮಾನ್ಯವಾಗಿ ಒಂದೇ ಅರ್ಥಿಂಗ್ ವೈರು. ಅದು ತುಕ್ಕು ಹಿಡಿದು ಸಡಿಲವಾದರೆ ಬ್ರೇಕ್ ಬಲ್ಬಿನ ಕರೆಂಟಿಗೆ ವಾಪಸ್ ಹೋಗಲು ದಾರಿ ಇರುವುದಿಲ್ಲ. ಅದು ಇಂಡಿಕೇಟರ್ ಬಲ್ಬಿನ ತಂತಿಯೊಳಗೆ ಉಲ್ಟಾ ನುಗ್ಗಿ, ಮುಂದಿನ ಇಂಡಿಕೇಟರ್ ತನಕ ಹೋಗಿ, ಅಲ್ಲಿಯ ಅರ್ಥಿಂಗ್ ಮೂಲಕ ಇಳಿಯುತ್ತದೆ. ದಾರಿಯಲ್ಲಿ ಮೀಟರಿನ ಬಾಣಕ್ಕೂ ಒಂದಿಷ್ಟು ವೋಲ್ಟೇಜ್ ಸಿಗುವುದರಿಂದ ಅದು ಮಂಕಾಗಿ ಹೊತ್ತುತ್ತದೆ. ಪಾರ್ಕಿಂಗ್ ಲೈಟ್ ಹಾಕದೆ ಎಡ ಇಂಡಿಕೇಟರ್ ಮಾತ್ರ ಹಾಕಿ ಹಿಂದೆ ಹೋಗಿ ನಿಂತು ನೋಡಿ. ಕೆಂಪು ಲೈಟೂ ಅದರ ಜೊತೆ ಸಣ್ಣಗೆ ಮಿನುಗುತ್ತಿದ್ದರೆ ಅನುಮಾನವೇ ಬೇಡ.

ಖಾತ್ರಿ ಮಾಡಿಕೊಳ್ಳುವುದು ಮನೆಯಲ್ಲೇ ಆಗುವ ಕೆಲಸ. ಡಿಕ್ಕಿ ತೆಗೆದು ಲ್ಯಾಂಪ್ ಬಿಚ್ಚಿ, ಬಲ್ಬುಗಳನ್ನು ಹೋಲ್ಡರಿನಲ್ಲೇ ಬಿಟ್ಟು ಕನೆಕ್ಟರ್ ಸಿಕ್ಕಿಸಿಯೇ ಇಡಿ. ಒಬ್ಬರು ಬ್ರೇಕ್ ಒತ್ತಿ ಹಿಡಿಯಲಿ. ಮಲ್ಟಿಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು, ಕಪ್ಪು ಪಿನ್ನನ್ನು ಬಾಡಿಯಲ್ಲಿ ಬಣ್ಣವಿಲ್ಲದ, ತುಕ್ಕಿಲ್ಲದ ಬೋಲ್ಟಿಗೆ ಒತ್ತಿ, ಕೆಂಪು ಪಿನ್ನನ್ನು ಹೋಲ್ಡರಿನ ಅರ್ಥಿಂಗ್ ತಗಡಿಗೆ ತಾಗಿಸಿ. 0.2 ವೋಲ್ಟಿಗಿಂತ ಕಡಿಮೆ ಬಂದರೆ ಅರ್ಥಿಂಗ್ ಸರಿಯಿದೆ. ಮೂರೋ ನಾಲ್ಕೋ ವೋಲ್ಟ್ ತೋರಿಸಿದರೆ ಕಳ್ಳ ಸಿಕ್ಕಿದ. ಮೀಟರ್ ಇಲ್ಲದಿದ್ದರೆ ಎಡ ಇಂಡಿಕೇಟರ್ ಹಾಕಿ, ಒಂದು ತುಂಡು ವೈರನ್ನು ಅದೇ ತಗಡಿನಿಂದ ಅದೇ ಬೋಲ್ಟಿಗೆ ಹಿಡಿಯಿರಿ. ಇಂಡಿಕೇಟರ್ ತಕ್ಷಣ ನಿಧಾನಕ್ಕೆ ಬಂದರೆ ಅಷ್ಟೇ ಸಾಕು.

ಇಲ್ಲಿ ಒಂದು ಎಚ್ಚರಿಕೆ. ಬಲ್ಬ್ ತೆಗೆದು ಖಾಲಿ ಹೋಲ್ಡರಿನಲ್ಲಿ ಮೀಟರ್ ಇಟ್ಟು ‘12 ವೋಲ್ಟ್ ಬರ್ತಿದೆ, ವೈರಿಂಗ್ ಸರಿಯಿದೆ’ ಅನ್ನುವವರನ್ನು ನಂಬಬೇಡಿ. ಹತ್ತಾರು ಎಳೆಯ ವೈರಿನಲ್ಲಿ ಒಂದೇ ಒಂದು ಎಳೆ ಉಳಿದಿದ್ದರೂ ಮೀಟರು 12 ತೋರಿಸುತ್ತದೆ. ಬಲ್ಬಿನ ಕರೆಂಟು ಹರಿಯಬೇಕಾದಾಗ ಬಣ್ಣ ಬಯಲಾಗುತ್ತದೆ.

ರಿಪೇರಿಗೆ ದೊಡ್ಡ ಖರ್ಚೇನಿಲ್ಲ. ಹೋಲ್ಡರಿನಿಂದ ಕಪ್ಪು ವೈರಿನ ಜಾಡು ಹಿಡಿದು ಹೋಗಿ. ಹೆಚ್ಚಿನ ಕಾರುಗಳಲ್ಲಿ ಅರ್ಥಿಂಗ್ ಕಪ್ಪು. ಡಿಕ್ಕಿಯ ಪಕ್ಕದ ಹೊದಿಕೆಯ ಹಿಂದೆ ಬಾಡಿಗೆ ಬೋಲ್ಟ್ ಮಾಡಿರುತ್ತಾರೆ. ಬ್ಯಾಟರಿಯ ನೆಗೆಟಿವ್ ಕಳಚಿ, ಆ ಬೋಲ್ಟ್ ಬಿಚ್ಚಿ, ಕೆಳಗಿನ ಲೋಹ ಹೊಳೆಯುವ ತನಕ ಉಪ್ಪುಕಾಗದದಲ್ಲಿ ಉಜ್ಜಿ. ಬಿಗಿ ಮಾಡಿದ ಮೇಲೆ ಹೊರಗಿನಿಂದ ಗ್ರೀಸ್ ಸವರಿ. ಹೋಲ್ಡರಿನ ತಗಡಿನ ಮೇಲೆ ಹಸಿರು ಪುಡಿ ಕೂತಿದ್ದರೆ ಅದನ್ನೂ ಕೆರೆದು ತೆಗೆಯಿರಿ. ಪ್ಲಾಸ್ಟಿಕ್ ಸುಟ್ಟು ಕರಗಿದ್ದರೆ ಮಾತ್ರ ಹೋಲ್ಡರ್ ಬದಲಿಸಿ. ಲ್ಯಾಂಪಿನ ಹಿಂದಿನ ರಬ್ಬರ್ ಗ್ಯಾಸ್ಕೆಟ್ ಒಣಗಿ ಬಿರಿದಿದೆಯೇ ನೋಡುವುದನ್ನು ಮರೆಯಬೇಡಿ. ನಿಮ್ಮ ಕಡೆಯ ಮಳೆಗೆ ನೀರು ಒಳಗೆ ಇಳಿಯುವುದು ಅಲ್ಲಿಂದಲೇ. ಅದನ್ನು ಹಾಗೇ ಬಿಟ್ಟರೆ ಮುಂದಿನ ವರ್ಷ ನನಗೆ ಇದೇ ಪತ್ರ ಬರುತ್ತದೆ. ತೋಟದ ಮನೆಯಾದರೆ ವೈರಿಗೆ ಇಲಿ ಹಲ್ಲು ಹಾಕಿದೆಯೇ ಎಂದೂ ನೋಡಿಕೊಳ್ಳಿ.

ಪ್ರಶ್ನೆ: ಹಜಾರ್ಡ್ ಸ್ವಿಚ್ ಒತ್ತಿದರೆ ನಾಲ್ಕೂ ಲೈಟ್ ಮಿನುಗುತ್ತವೆ. ಲಿವರ್‌ನಲ್ಲಿ ಹಾಕಿದರೆ ಎಡವೂ ಇಲ್ಲ, ಬಲವೂ ಇಲ್ಲ. ಇದೂ ಹಳೆಯ ಕಾರೇ.
– ಹಾಸನದ ಓದುಗರು

ಉತ್ತರ: ಹಜಾರ್ಡ್ ಕೆಲಸ ಮಾಡುತ್ತಿದೆ ಎಂದರೆ ಬಲ್ಬು, ರಿಲೇ, ಅರ್ಥಿಂಗ್ ಎಲ್ಲವೂ ಪಾಸು. ಹಜಾರ್ಡಿಗೆ ಕರೆಂಟು ಕೀ ಇಲ್ಲದೆಯೂ ಬ್ಯಾಟರಿಯಿಂದ ಬರುತ್ತದೆ. ಇಂಡಿಕೇಟರಿಗೆ ಕೀ ಆನ್ ಆದ ಮೇಲೆ, ಹಲವು ಕಾರುಗಳಲ್ಲಿ ಬೇರೆ ಫ್ಯೂಸಿನಿಂದ. ಆ ಫ್ಯೂಸ್ ನೋಡಿ. ರಿವರ್ಸ್ ಲೈಟೂ ಹೊತ್ತುತ್ತಿಲ್ಲವಾದರೆ ಫ್ಯೂಸೇ ಹೋಗಿರುವ ಸಾಧ್ಯತೆ ಹೆಚ್ಚು, ಕೆಲವು ಕಾರುಗಳಲ್ಲಿ ಎರಡಕ್ಕೂ ಅದೊಂದೇ. 10 ಆಂಪಿಯರಿನದು ಹೋಗಿದ್ದರೆ 10ರದ್ದೇ ಹಾಕಿ. ಬೆಳ್ಳಿ ಕಾಗದ ಸುತ್ತುವ ಜಾಣತನ ಬೇಡ, ಸುಡುವುದು ವೈರಿಂಗ್.

ಫ್ಯೂಸ್ ಸರಿಯಿದ್ದರೆ ಹಜಾರ್ಡ್ ಸ್ವಿಚ್ಚನ್ನೇ ಗುಮಾನಿಯಿಂದ ನೋಡಿ. ಎಷ್ಟೋ ಹಳೆಯ ಕಾರುಗಳಲ್ಲಿ ಇಂಡಿಕೇಟರಿನ ಕರೆಂಟು ಅದರ ಮೂಲಕವೇ ಹಾದು ಹೋಗುತ್ತದೆ. ವರ್ಷಗಟ್ಟಲೆ ಯಾರೂ ಮುಟ್ಟದ ಸ್ವಿಚ್ಚಿನೊಳಗೆ ಕಿಲುಬು ಹಿಡಿದಿರುತ್ತದೆ. ಇಪ್ಪತ್ತು ಮೂವತ್ತು ಸಲ ಒತ್ತಿ ಬಿಟ್ಟು ಮಾಡಿ. ಇಂಡಿಕೇಟರ್ ಜೀವ ಬಂದು ಮತ್ತೆ ಹೋದರೆ ಆ ಸ್ವಿಚ್ ಬದಲಿಸಿ. ಕಾಂಬಿನೇಷನ್ ಸ್ವಿಚ್ಚಿನ ಸರದಿ ಇದಾದ ಮೇಲೆ.

ಪ್ರಶ್ನೆ: ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಎಲ್‌ಇಡಿ ಇಂಡಿಕೇಟರ್ ಬಲ್ಬ್ ಹಾಕಿಸಿದೆ. ಎರಡೂ ಕಡೆ ಬಡಬಡ ಹೊಡೆದುಕೊಳ್ಳುತ್ತಿದೆ. ರೆಸಿಸ್ಟರ್ ಹಾಕಿದರೆ ಸರಿಹೋಗುತ್ತದಂತೆ, ಹಾಕಿಸಲೇ?

ಉತ್ತರ: ಎಲ್‌ಇಡಿ ತಿನ್ನುವುದು ಕೆಲವೇ ವ್ಯಾಟ್. ಬಲ್ಬ್ ಹೋಗಿದೆ ಅಂದುಕೊಂಡು ರಿಲೇ ವೇಗ ಹೆಚ್ಚಿಸುತ್ತದೆ. ಮಾಮೂಲಿ ಬಲ್ಬೇ ಇದೆ ಎಂದು ರಿಲೇಯನ್ನು ನಂಬಿಸಲು ಸಾಮಾನ್ಯವಾಗಿ ಹಾಕುವ 6 ಓಮ್ ರೆಸಿಸ್ಟರ್ ಇಂಡಿಕೇಟರ್ ಹೊತ್ತಿದಷ್ಟು ಹೊತ್ತು ಸುಮಾರು 30 ವ್ಯಾಟ್ ಕರೆಂಟನ್ನು ಬರೀ ಬಿಸಿ ಮಾಡಿ ಕಳೆಯುತ್ತದೆ. ದೊಡ್ಡ ಸಿಗ್ನಲ್‌ನಲ್ಲಿ ಇಂಡಿಕೇಟರ್ ಹಾಕಿಕೊಂಡು ನಿಂತಿರೆಂದರೆ ಮುಟ್ಟಿದ ಕೈ ಸುಡುವಷ್ಟು ಕಾಯುತ್ತದೆ. ಅದನ್ನು ವೈರಿಗೆ ಟೇಪ್ ಸುತ್ತಿ ಲ್ಯಾಂಪಿನ ಹಿಂದೆ ತುರುಕಿದರೆ ಪ್ಲಾಸ್ಟಿಕ್ ಕರಗುತ್ತದೆ. ಪ್ರತ್ಯೇಕ ರಿಲೇ ಇರುವ ಕಾರಾದರೆ ಅದೇ ಪಿನ್ನಿನ ಎಲ್‌ಇಡಿ ಫ್ಲಾಷರ್ ಹಾಕುವುದು ಮೇಲು. ಆದರೆ ಆಮೇಲೆ ಬಲ್ಬ್ ಹೋದರೂ ಅದು ಹೇಳುವುದಿಲ್ಲ, ಆಗಾಗ ನೀವೇ ಇಳಿದು ನೋಡಬೇಕು.

ಹೆಚ್ಚಿನ ಹೊಸ ಕಾರುಗಳಲ್ಲಿ ಬದಲಿಸಲು ರಿಲೇಯೇ ಇರುವುದಿಲ್ಲ, ಮಿನುಗಿಸುವ ಕೆಲಸ ಬಾಡಿ ಕಂಟ್ರೋಲ್ ಮಾಡ್ಯೂಲ್ ಎಂಬ ಪುಟ್ಟ ಕಂಪ್ಯೂಟರಿನದು. ಅಲ್ಲಿ ವೈರ್ ಕತ್ತರಿಸಿದರೆ ವಾರಂಟಿಗೂ ಕತ್ತರಿ ಬೀಳಬಹುದು. ಅಂಥ ಕಾರಾದರೆ ಕಂಪನಿಯ ಮಾಮೂಲಿ ಬಲ್ಬನ್ನೇ ವಾಪಸ್ ಹಾಕಿಸಿ. ಹಾಕಿಸುವಾಗ ಗಾಜಿನ ಬಣ್ಣ ನೋಡಿ: ಲ್ಯಾಂಪಿನ ಹೊರಗಾಜು ಬಿಳಿಯಿದ್ದರೆ ಬಲ್ಬ್ ಕಿತ್ತಳೆಯದೇ ಆಗಬೇಕು. ಕಿತ್ತಳೆ ಬಲ್ಬಿನ ಬುಡದಲ್ಲಿರುವ ಎರಡು ಗುಬುಟುಗಳು ಎದುರುಬದುರಾಗಿರದೆ ಒಂದಿಷ್ಟು ಓರೆಯಾಗಿರುತ್ತವೆ, ಬಿಳಿಯದು ಆ ಹೋಲ್ಡರಿನಲ್ಲಿ ಕೂರುವುದಿಲ್ಲ. ಗುಬುಟನ್ನು ಅರದಲ್ಲಿ ಉಜ್ಜಿ ಕೂರಿಸಿಕೊಡುತ್ತೇನೆ ಎಂದು ಯಾರಾದರೂ ಹೊರಟರೆ ಕಾರಿನ ಕೀ ವಾಪಸ್ ಇಸಿದುಕೊಳ್ಳಿ.