ಕಥೆ ಹುಟ್ಟದ ದಿನಗಳಲ್ಲಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾಲ್ಕೈದು ಕಥೆ ಬರೆದಿದ್ದೇನೆ. ಆರು ತಿಂಗಳಿಂದ ಒಂದು ಸಾಲೂ ಹೊಳೆಯುತ್ತಿಲ್ಲ. ಖಾಲಿ ಹಾಳೆಯ ಮುಂದೆ ಕೂತು ಎದ್ದುಬಿಡುತ್ತೇನೆ. ಸ್ಫೂರ್ತಿ ಬರುವವರೆಗೆ ಕಾಯಬೇಕೇ?

ಉತ್ತರ: ಕಾಯಬೇಡಿ. ಹಾಗೆಂದು ಬರಿಗೈಯಲ್ಲಿ ಬರೆಯಲು ಕೂರಲೂ ಬೇಡಿ. ಜೇಬಿನಲ್ಲೊಂದು ಪುಟ್ಟ ಪುಸ್ತಕ ಇಟ್ಟುಕೊಂಡು ದಿನಕ್ಕೆ ಮೂರು ಸಾಲು ಬರೆಯಿರಿ. ಕಿವಿಗೆ ಬಿದ್ದ ಒಂದು ಮಾತು, ಆಡಿದವರ ಧಾಟಿಯಲ್ಲೇ. ಯಾರದೋ ಕೈ ಮಾಡುತ್ತಿದ್ದ ಒಂದು ಸಣ್ಣ ಕೆಲಸ. ಉತ್ತರ ಸಿಗದೆ ಉಳಿದ ಒಂದು ಪ್ರಶ್ನೆ. 'ಒಂಟಿತನದ ಬಗ್ಗೆ ಬರೆಯಬೇಕು' ಎಂದು ಗುರುತು ಹಾಕಿದರೆ ಅದು ವಿಷಯವಾಯಿತೇ ಹೊರತು ಕಥೆಯ ಬೀಜವಾಗಲಿಲ್ಲ. 'ತೀರಿಹೋದ ಗಂಡನ ಕನ್ನಡಕವನ್ನು ಆಕೆ ದಿನವೂ ಒರೆಸಿಡುತ್ತಾಳೆ. ಮಗಳು ಅದನ್ನು ಯಾರಿಗೋ ಕೊಟ್ಟುಬಿಟ್ಟಿದ್ದಾಳೆ' ಎಂಬುದು ಬೀಜ. ಇಬ್ಬರಿಗೆ ಬೇಕಾದದ್ದು ಬೇರೆ ಬೇರೆ, ವಸ್ತು ಒಂದೇ.

ವಾರಕ್ಕೊಮ್ಮೆ ಪುಸ್ತಕ ತಿರುವಿ, ಒಂದಕ್ಕೊಂದು ಸಂಬಂಧವಿಲ್ಲದ ಎರಡು ಟಿಪ್ಪಣಿಗಳನ್ನು ಪಕ್ಕಪಕ್ಕ ಇಡಿ. ಒಂದೇ ಟಿಪ್ಪಣಿ ಬಹಳ ಸಲ ಚಿತ್ರವಾಗಿ ನಿಂತುಬಿಡುತ್ತದೆ. ಎರಡು ಕೂಡಿದಾಗ 'ಯಾಕೆ ಹೀಗಾಯಿತು' ಎಂಬ ಪ್ರಶ್ನೆ ಏಳುತ್ತದೆ, ಕಥೆ ಅಲ್ಲಿಂದ ಚಲಿಸುತ್ತದೆ.

ಒಂದೇ ಬೈಠಕ್ಕಿನಲ್ಲಿ ಕಥೆ ಮುಗಿಸಿದವರನ್ನು ನೆನೆದು ಕುಗ್ಗಬೇಡಿ. ಜರ್ಮನ್ ಭಾಷೆಯ ಕಥೆಗಾರ ಫ್ರಾಂಜ್ ಕಾಫ್ಕಾ 1912ರ ಸೆಪ್ಟೆಂಬರ್ 22ರ ರಾತ್ರಿ ಕೂತು ಬೆಳಗಾಗುವಷ್ಟರಲ್ಲಿ ಒಂದು ಇಡೀ ಕಥೆ ಬರೆದು ಮುಗಿಸಿದ್ದು ನಿಜ. ಆದರೆ ಅದಕ್ಕೂ ಮೊದಲು ಅವನ ದಿನಚರಿಯಲ್ಲಿ ಅರ್ಧಕ್ಕೆ ಬಿಟ್ಟ ತುಣುಕುಗಳು ವರ್ಷಗಳಿಂದ ತುಂಬಿಕೊಳ್ಳುತ್ತಿದ್ದವು. ಆ ತುಣುಕುಗಳನ್ನು ಮರೆತು ರಾತ್ರಿಯನ್ನಷ್ಟೇ ಹೇಳುವುದು ಹೊಸಬರಿಗೆ ಮಾಡುವ ಅನ್ಯಾಯ.

ಆರು ತಿಂಗಳು ಬಿಟ್ಟ ಕೈಗೆ ಮೊದಲ ಎರಡು ವಾರ ದಿನಕ್ಕೆ 20 ನಿಮಿಷ, 150 ಪದ ಸಾಕು. ಉತ್ಸಾಹದಲ್ಲಿ ಮೊದಲ ದಿನವೇ ಎರಡು ಸಾವಿರ ಪದ ಬರೆದರೆ ಇದ್ದದ್ದೆಲ್ಲ ಖಾಲಿಯಾಗಿ, ಮರುದಿನ ಮೇಜಿನ ಹತ್ತಿರ ಹೋಗಲೂ ಅಳುಕಾಗುತ್ತದೆ. ಮುಂದಿನ ಸಾಲು ಗೊತ್ತಿರುವಾಗಲೇ ನಿಲ್ಲಿಸಿ. ಇದು ಅಮೆರಿಕದ ಕಥೆಗಾರ ಹೆಮಿಂಗ್ವೇ ಪಾಲಿಸುತ್ತಿದ್ದ ಕ್ರಮ. ಮರುದಿನ ಹುಡುಕುವ ಕೆಲಸವಿಲ್ಲ, ಗೊತ್ತಿರುವ ಸಾಲನ್ನು ಬರೆದರೆ ಕೈ ತಾನಾಗಿ ಮುಂದುವರಿಯುತ್ತದೆ. ಇನ್ನೊಂದು ಮಾತು: ಬರೆಯುವ ಮೊದಲೇ ಕಥೆಯನ್ನು ಗೆಳೆಯರಿಗೆ ಪೂರ್ತಿ ಹೇಳಬೇಡಿ. ಹೇಳಿ ಮೆಚ್ಚುಗೆ ಸಿಕ್ಕಿದರೆ ಅನೇಕರಿಗೆ ಬರೆಯುವ ತುಡಿತವೇ ಆರಿಹೋಗುತ್ತದೆ.

ಪ್ರಶ್ನೆ: ಪ್ರತಿ ಕಥೆಯೂ ಅರ್ಧಕ್ಕೆ ನಿಲ್ಲುತ್ತದೆ.

ಉತ್ತರ: ನಿಂತ ಜಾಗದಲ್ಲಿ ತಪ್ಪು ಹುಡುಕಬೇಡಿ, ಒಂದೆರಡು ಪುಟ ಹಿಂದೆ ಹೋಗಿ. ಪಾತ್ರಕ್ಕೆ ಬೇಕಾದದ್ದು ಅಲ್ಲೆಲ್ಲೋ ಸುಲಭವಾಗಿ ಸಿಕ್ಕಿಬಿಟ್ಟಿರುತ್ತದೆ, ಇಲ್ಲವೇ ಅದಕ್ಕೆ ಏನು ಬೇಕೆಂದು ನಿಮಗೇ ಸ್ಪಷ್ಟವಿರುವುದಿಲ್ಲ. 'ಇವತ್ತು ಸಂಜೆಯೊಳಗೆ ಅವಳಿಗೆ ಏನಾಗಬೇಕು, ಯಾರು ಬಿಡುತ್ತಿಲ್ಲ' ಎಂದು ಒಂದು ವಾಕ್ಯ ಬರೆಯಿರಿ. ಬರೆಯಲಾಗದಿದ್ದರೆ ತೊಡಕು ಅಲ್ಲಿದೆ.

ಪ್ರಶ್ನೆ: ಮನೆಯವರು ಚೆನ್ನಾಗಿದೆ ಎನ್ನುತ್ತಾರೆ, ಪತ್ರಿಕೆಗಳು ಒಪ್ಪುತ್ತಿಲ್ಲ. ಧೈರ್ಯ ಕುಂದಿದೆ.

ಉತ್ತರ: ಮನೆಯವರ ಮಾತು ಪ್ರೀತಿಯದು, ಅದನ್ನು ಪ್ರೀತಿಯಾಗಿಯೇ ಇಟ್ಟುಕೊಳ್ಳಿ. ಬರವಣಿಗೆಗೆ ಬೇಕಾದ ಧೈರ್ಯ ಗಮನವಿಟ್ಟು ಓದುವವರಿಂದ ಬರುತ್ತದೆ. ಕಥೆಗಳನ್ನು ಓದುವ ಅಭ್ಯಾಸವಿರುವ ಇಬ್ಬರು ಸಾಕು. ಕರಡನ್ನು ಎರಡು ಮೂರು ವಾರ ಮುಚ್ಚಿಟ್ಟು, ಒಮ್ಮೆ ಗಟ್ಟಿಯಾಗಿ ಓದಿ ತಿದ್ದಿ ಕೊಡಿ. 'ಹೇಗಿದೆ' ಎಂದು ಕೇಳಿದರೆ 'ಚೆನ್ನಾಗಿದೆ' ಎಂದೇ ಉತ್ತರ ಬರುತ್ತದೆ. ಬೇಸರವಾಗಿ ಸಾಲು ಬಿಟ್ಟು ಓದಿದ್ದು ಎಲ್ಲಿ, ಯಾವ ಮಾತನ್ನು ನಂಬಲಾಗಲಿಲ್ಲ, ಮರುದಿನವೂ ನೆನಪಿನಲ್ಲಿ ಉಳಿದದ್ದು ಯಾವುದು ಎಂದು ಕೇಳಿ. ಇಬ್ಬರೂ ಒಂದೇ ಜಾಗ ತೋರಿಸಿದರೆ ಅಲ್ಲಿ ಖಂಡಿತ ತೊಡಕಿದೆ. ಆದರೆ ಅವರು ಸೂಚಿಸುವ ಪರಿಹಾರವೇ ಸರಿಯೆಂದಲ್ಲ. ಅದನ್ನು ನೀವೇ ಹುಡುಕಬೇಕು.

ಕಥೆ ವಾಪಸಾಗುವುದಕ್ಕೆ ಗುಣವೊಂದೇ ಕಾರಣವಲ್ಲ. ಪದಮಿತಿ ಮೀರಿರಬಹುದು, ಅಂಥದೇ ವಸ್ತುವಿನ ಕಥೆಯನ್ನು ಅವರು ಆಗಲೇ ಆರಿಸಿರಬಹುದು. ಕಳಿಸಿದ ದಿನ, ಪತ್ರಿಕೆ, ಬಂದ ಉತ್ತರ ಮೂರನ್ನೂ ಒಂದು ಪುಸ್ತಕದಲ್ಲಿ ಗುರುತು ಹಾಕಿ. ಒಂದೇ ಕಥೆಯನ್ನು ಏಕಕಾಲಕ್ಕೆ ಎರಡು ಕಡೆ ಕಳಿಸಬೇಡಿ. ವಾಪಸಾದರೆ ವಾರದೊಳಗೆ ಇನ್ನೊಂದು ಕಡೆಗೆ ಕಳಿಸಿ, ಅಷ್ಟರಲ್ಲಿ ಮುಂದಿನ ಕಥೆಯ ಒಂದು ಪುಟವಾದರೂ ಮೇಜಿನ ಮೇಲಿರಲಿ.